ಎರಡು ಲಕ್ಷ ಹದಿನೆಂಟು ಸಾವಿರ ಓಡಿದ ಗಾಡಿ: ನಮ್ಮೂರ ಹುಡುಗರಿಗೊಂದು ಪತ್ರ

ರಾಮಸಮುದ್ರದ ಕಟ್ಟೆಯ ಮೇಲೆ ಕೂತು ಹಳೇ ಡೀಸೆಲ್ ಕಾರಿನ ಲೆಕ್ಕ ಹಾಕುತ್ತಿರುವ ನನ್ನ ಐವರು ತಮ್ಮಂದಿರಿಗೆ. ಸೈದಾಪುರ, ದೋರನಹಳ್ಳಿ, ಕೆಂಭಾವಿ, ಹುಣಸಗಿಯ ಕಟ್ಟೆಗಳ ಮೇಲೆ ಇದೇ ಲೆಕ್ಕ ಹಾಕುತ್ತಿರುವ ಅವರ ಓರಗೆಯವರಿಗೆ,

ಮೊನ್ನೆ ಸಂಜೆ ನೀವು ಫೋನಿನಲ್ಲಿ ಎರಡು ಗಾಡಿ ತೋರಿಸಿದಿರಿ. ಒಂದು ಕೆಎ 33, ಅಂದರೆ ನಮ್ಮ ಯಾದಗಿರಿಯದೇ. 2013ರ ಬಿಳಿ ಡಿಜೈರ್, ಡೀಸೆಲ್, ಮೀಟರಿನಲ್ಲಿ 2,18,000 ಕಿಲೋಮೀಟರ್, ಹೇಳುವ ಬೆಲೆ ಮೂರು ಲಕ್ಷ ಹದಿನೈದು ಸಾವಿರ. ಇನ್ನೊಂದು ಹೈದರಾಬಾದಿನ ದಲ್ಲಾಳಿ ಕಳಿಸಿದ್ದು. ಅದೂ ಡಿಜೈರ್, ಅದೂ ಡೀಸೆಲ್, 2015ರ ಮಾಡೆಲ್ ಅಂತ ಹೇಳಿಕೆ, ಮೀಟರಿನಲ್ಲಿ ಬರೇ 76,000. ಬೆಲೆ ನಲವತ್ತೈದು ಸಾವಿರ ಜಾಸ್ತಿ. "ಕಾಕಾ, ಮೊದಲಿಂದು ಬ್ಯಾಡ್ರಿ, ರಗಡ ಓಡ್ಯದ. ಎರಡನೇದು ಹೊಸಾದು ಇದ್ದಂಗ ಅದ" ಅಂದಿರಿ. ಐವರದೂ ಒಂದೇ ದನಿ. ನಾನು ಚಹಾ ಕುಡಿದು "ನೋಡೂಣು" ಅಂದು ಎದ್ದು ಬಂದೆ.

ಹಾಗೆ ಎದ್ದು ಬಂದದ್ದಕ್ಕೆ ಕಾರಣ ಇದೆ. ಕಟ್ಟೆಯ ಮೇಲೆ ಹೇಳಿದ ಮಾತು ಅರ್ಧ ಗಾಳಿಗೆ ಹೋಗುತ್ತದೆ, ಉಳಿದರ್ಧವನ್ನು ಫೋನಿನ ವಿಡಿಯೋ ನುಂಗುತ್ತದೆ. ಬರೆದರೆ ನೀವು ಓದದಿದ್ದರೂ ನಿಮ್ಮಪ್ಪಂದಿರು ಓದುತ್ತಾರೆ. ತೊಗರಿ, ಹತ್ತಿ ಮಾರಿದ ರೊಕ್ಕ ಕೈಗೆ ಬರುವ ಈ ದಿನಗಳಲ್ಲಿ ಯಾದಗಿರಿ, ಶಹಾಪುರ, ಸುರಪುರದ ಅದೆಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತಿರುತ್ತದೆ. ಅದಕ್ಕೇ ಪತ್ರವನ್ನು ಮುಚ್ಚಿ ಅಂಟಿಸಿಲ್ಲ.

ನನ್ನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಜೀಪು, ಟ್ರ್ಯಾಕ್ಸ್, ಸುಮೋ, ಕ್ರೂಸರ್ ಓಡಿಸಿದವನು ನಾನು. ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಎಷ್ಟು ಮಂದಿಯನ್ನು ತುಂಬಿಕೊಂಡು ಹೋಗಿದ್ದೇನೆ ಅಂತ ಈಗ ಹೇಳಿದರೆ ಕೇಸು ಹಾಕಿಯಾರು. ಕೈಯ ಗೆರೆಗಳಲ್ಲಿ ಇನ್ನೂ ಗ್ರೀಸಿನ ಕಪ್ಪು ಹೋಗಿಲ್ಲ. ಮೆಕ್ಯಾನಿಕ್ ಅಲ್ಲ, ಆದರೆ ರಸ್ತೆ ಬದಿಯಲ್ಲಿ ನಿಂತ ಗಾಡಿಯ ಪಕ್ಕ ರಾತ್ರಿ ಕಳೆದವನಿಗೆ ಗಾಡಿ ಸ್ವಲ್ಪ ತಿಳಿಯುತ್ತದೆ.

ಆ 76,000ದ ಗಾಡಿಯಿಂದಲೇ ಶುರು ಮಾಡುತ್ತೇನೆ. ನಂಬರ್ ಪ್ಲೇಟ್ ಓದಿದಿರಾ? ಎಪಿ 09 ಅಂತ ಇದೆ. ಎಪಿ 09 ಅಂದರೆ ಹೈದರಾಬಾದಿನ ಖೈರತಾಬಾದ್. 2014ರ ಜೂನ್‌ನಲ್ಲಿ ತೆಲಂಗಾಣ ಬೇರೆಯಾದ ಮೇಲೆ ಅಲ್ಲಿ ನೋಂದಣಿಯಾದ ಹೊಸ ಗಾಡಿಗಳಿಗೆ ಟಿಎಸ್ ಬಂತು. 2024ರ ಮಾರ್ಚ್‌ನಿಂದ ಅದೂ ಹೋಗಿ ಟಿಜಿ ಆಯಿತು. ಹಾಗಿದ್ದ ಮೇಲೆ 2015ರಲ್ಲಿ ಹೈದರಾಬಾದಿನಲ್ಲಿ ತಗೊಂಡ ಹೊಸ ಗಾಡಿಗೆ ಎಪಿ 09 ಎಲ್ಲಿಂದ ಬಂತು? ಗಾಡಿ 2014ರ ಜೂನ್‌ಗಿಂತ ಹಿಂದಿನದು. ಮಾಡೆಲ್ ವರ್ಷದಲ್ಲೇ ಸುಳ್ಳು ಹೇಳಿದವನು ಮೀಟರಿನಲ್ಲಿ ಸತ್ಯ ಇಟ್ಟಿರುತ್ತಾನಾ?

ಇನ್ನೊಂದು ಲೆಕ್ಕ. ಆಗಿನ ಕಾಲಕ್ಕೆ ಡೀಸೆಲ್ ಡಿಜೈರ್ ತಗೊಳ್ಳಬೇಕಾದರೆ ಪೆಟ್ರೋಲಿನದಕ್ಕಿಂತ ಸುಮಾರು ಒಂದು ಲಕ್ಷ ಹೆಚ್ಚು ಕೊಡಬೇಕಿತ್ತು. ಅಷ್ಟು ಹೆಚ್ಚು ಕೊಟ್ಟು ತಗೊಂಡವನು ಯಾಕೆ ತಗೊಂಡ? ಓಡಿಸೋಕೆ. 2012ರ ಮೇ ತಿಂಗಳಲ್ಲಿ ದಿಲ್ಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ಮುಟ್ಟಿದಾಗ ಡೀಸೆಲ್ 41 ರೂಪಾಯಿ. ಇಡೀ ದೇಶವೇ ಡೀಸೆಲ್ ಕಾರಿಗೆ ಮುಗಿಬಿದ್ದ ದಿನಗಳವು. ಬುಕ್ ಮಾಡಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಅಂಥ ಗಾಡಿ ಹನ್ನೊಂದು ಹನ್ನೆರಡು ವರ್ಷದಲ್ಲಿ 76,000 ಮಾತ್ರ ಓಡಿದೆ ಅಂದರೆ ವರ್ಷಕ್ಕೆ ಏಳು ಸಾವಿರವೂ ಇಲ್ಲ, ದಿನಕ್ಕೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಆಗಬಾರದು ಅಂತಿಲ್ಲ. ಆದರೆ ಹಾಗೆ ಆಗಿದ್ದರೂ ಅದು ಹೊಗಳಿಕೆಯ ಮಾತಲ್ಲ. ಡೀಸೆಲ್ ಇಂಜಿನ್ ಬಿಸಿಯೇರಿ ಉದ್ದಕ್ಕೆ ಓಡಿದರೆ ಸುಖವಾಗಿರುತ್ತದೆ. ದಿನಾ ಮೂರು ಕಿಲೋಮೀಟರ್ ಹೋಗಿ ನಿಂತು, ಮತ್ತೆ ಮೂರು ಬಂದು ನಿಂತರೆ ಒಳಗೆ ಮಸಿ ಕೂರುತ್ತದೆ. ಇನ್ನು 2020ರಿಂದೀಚೆ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಂತೂ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಒಂದಿದೆ. ಗಾಡಿ ಉದ್ದಕ್ಕೆ ಓಡದಿದ್ದರೆ ಅದು ಕಟ್ಟಿಕೊಂಡು ಬೋರ್ಡಿನ ಮೇಲೆ ದೀಪ ಹಚ್ಚಿ ಕೂರುತ್ತದೆ.

ಈಗ ಮೊದಲನೇ ಗಾಡಿಯ 2,18,000 ತಗೊಳ್ಳಿ. ಹನ್ನೆರಡು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಹದಿನೆಂಟು ಸಾವಿರ, ದಿನಕ್ಕೆ ಐವತ್ತು. ಯಾದಗಿರಿಯಿಂದ ವಾರಕ್ಕೆರಡು ಸಲ ಕಲಬುರಗಿಗೆ ಹೋಗಿ ಬರುವ ಮನುಷ್ಯನ ಓಡಾಟ ಇದು. ಡೀಸೆಲ್ ಗಾಡಿಯನ್ನು ಡೀಸೆಲ್ ಗಾಡಿಯ ಹಾಗೆ ಬಳಸಿದ್ದಾನೆ. ನಿಮಗೆ ದೊಡ್ಡದಾಗಿ ಕಂಡ ಅಂಕಿ ನನಗೆ ನಂಬಿಕೆ ಹುಟ್ಟಿಸಿದ ಅಂಕಿ. ಯಾರೂ ಮೀಟರನ್ನು ಮುಂದಕ್ಕೆ ತಿರುಗಿಸಿ ಮಾರುವುದಿಲ್ಲ.

ಮೀಟರ್ ತಿರುಗಿಸುವ ವಿದ್ಯೆ ಇವತ್ತಿನದಲ್ಲ. ನಮ್ಮ ಕಾಲದಲ್ಲಿ ಗೇರ್ ಬಾಕ್ಸಿನಿಂದ ಮೀಟರಿಗೆ ಒಂದು ಕೇಬಲ್ ಹೋಗುತ್ತಿತ್ತು. ಅದನ್ನು ಬಿಚ್ಚಿಟ್ಟರೆ ಗಾಡಿ ಹೈದರಾಬಾದಿಗೆ ಹೋಗಿ ಬಂದರೂ ಮೀಟರಿಗೆ ಸುದ್ದಿಯೇ ಇಲ್ಲ. ಈಗ ಕೇಬಲ್ ಹೋಗಿ ಚಿಪ್ ಬಂದಿದೆ. ಚಿಪ್ ಬಂದರೆ ಮೋಸ ನಿಂತೀತು ಅಂದುಕೊಂಡಿದ್ದೆವು. ಮೋಸ ಇನ್ನೂ ಸಲೀಸಾಯಿತು. ಸ್ಟೇರಿಂಗಿನ ಕೆಳಗೆ ಒಂದು ವಯರ್ ಚುಚ್ಚಿ, ಲ್ಯಾಪ್‌ಟಾಪಿನಲ್ಲಿ ಬೇಕಾದ ಅಂಕಿ ಹೊಡೆದರೆ ಚಹಾ ಆರುವುದರೊಳಗೆ ಗಾಡಿಯ ವಯಸ್ಸು ಅರ್ಧ.

ಇದು ನನಗೆ ಪುಸ್ತಕ ಓದಿ ತಿಳಿದದ್ದಲ್ಲ. ನಾನೂ ಒಮ್ಮೆ ಒಂದು ದೊಡ್ಡ ಊರಿನ ದಲ್ಲಾಳಿಯ ಹತ್ತಿರ ಎಂಬತ್ತು ಸಾವಿರ ತೋರಿಸುವ ಡೀಸೆಲ್ ಗಾಡಿ ತಗೊಂಡಿದ್ದೆ. ಸೀಟಿಗೆ ಹೊಸ ಕವರ್, ಟೈರಿಗೆ ಕಪ್ಪು ಪಾಲಿಶ್, ಒಳಗೆ ಮಲ್ಲಿಗೆಯ ಸೆಂಟು. ಅವನು ಎಲ್ಲವನ್ನೂ ತೊಳೆದಿದ್ದ, ಒಂದನ್ನು ಬಿಟ್ಟು. ಮೂರನೇ ತಿಂಗಳು ಏರ್ ಫಿಲ್ಟರ್ ಬದಲಿಸೋಕೆ ಡಬ್ಬಿ ಬಿಚ್ಚಿದಾಗ ಮುಚ್ಚಳದ ಒಳಮೈಗೆ ಯಾವನೋ ಮೆಕ್ಯಾನಿಕ್ ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದ: ತಾರೀಖು, ಅದರ ಕೆಳಗೆ 1,91,400. ಬರೆದವನು ಎರಡು ವರ್ಷದ ಹಿಂದೆ ಬರೆದಿದ್ದ. ನಾನು ಆ ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಆಮೇಲೆ ಹೆಡ್ ಗ್ಯಾಸ್ಕೆಟ್ ಹೋಯಿತು, ಅದರ ಹಿಂದೆ ಇಂಜಿನ್ ಬೋರ್ ಕೆಲಸ ಬಂತು. ಆ ವರ್ಷದ ತೊಗರಿಯನ್ನು ಪೂರಾ ಆ ಗಾಡಿ ತಿಂದಿತು. ಎರಡು ಲಕ್ಷ ಅಂತ ಖರೆ ಹೇಳಿದ್ದರೆ ನಾನು ಆ ಗಾಡಿ ತಗೊಳ್ಳುತ್ತಿದ್ದೆನೋ ಏನೋ, ಆದರೆ ಎರಡು ಲಕ್ಷ ಓಡಿದ ಗಾಡಿಯ ಬೆಲೆ ಕೊಡುತ್ತಿದ್ದೆ, ಎರಡು ಲಕ್ಷ ಓಡಿದ ಗಾಡಿಗೆ ಮಾಡುವ ಆರೈಕೆ ಮಾಡುತ್ತಿದ್ದೆ.

ಹಾಗಂತ ಬಿಳಿ ಡಿಜೈರನ್ನು ಇವತ್ತೇ ತಂದುಬಿಡಿ ಅಂತಲ್ಲ. ಗಾಡಿ ಒಳ್ಳೆಯದಾಗಿದ್ದರೂ ನಿಮಗೆ ಡೀಸೆಲ್ ಗಾಡಿ ಬೇಕೇ ಅನ್ನುವುದು ಬೇರೆಯೇ ಮಾತು. ನಿಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳಿದೆ, ನೆನಪಿದೆಯಾ? "ತಿಂಗಳಿಗೆ ಎಷ್ಟು ಓಡಸ್ತಿ?" ನಾಲ್ವರ ಉತ್ತರ ಹೆಚ್ಚುಕಡಿಮೆ ಒಂದೇ: ವಾರಕ್ಕೊಮ್ಮೆ ಯಾದಗಿರಿ ಸಂತೆ, ಮನೆಯಲ್ಲಿ ಯಾರಿಗಾದರೂ ಮೈಗೆ ಹುಷಾರಿಲ್ಲದಾಗ ಕಲಬುರಗಿಯೋ ರಾಯಚೂರೋ, ವರ್ಷಕ್ಕೆ ಒಂದೆರಡು ಮದುವೆ, ಒಂದು ಜಾತ್ರೆ. ಉದಾರವಾಗಿ ಕೂಡಿಸಿದರೂ ತಿಂಗಳಿಗೆ ಐನೂರು ಕಿಲೋಮೀಟರ್.

2025ರಲ್ಲಿ ನಮ್ಮ ಕಡೆ ಡೀಸೆಲ್ ಲೀಟರಿಗೆ 91 ರೂಪಾಯಿ ಆಸುಪಾಸು ಇತ್ತು, ಪೆಟ್ರೋಲ್ 103ರ ಆಸುಪಾಸು. 2012ರ ಮೂವತ್ತೆರಡು ರೂಪಾಯಿ ಅಂತರ ಹನ್ನೆರಡಕ್ಕೆ ಇಳಿದಿತ್ತು. 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತಲ್ಲ, ಅಲ್ಲಿಗೆ ಡೀಸೆಲ್ ಕಾರಿನ ಅರ್ಧ ಜಂಬ ಇಳಿಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಮಾರುತಿಯವರು ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟರು. ಇರಲಿ, ಲೆಕ್ಕಕ್ಕೆ ಬರುತ್ತೇನೆ. ಹಳೇ ಡಿಜೈರ್ ಡೀಸೆಲ್‌ನಲ್ಲಿ ನಮ್ಮ ರಸ್ತೆಗೆ ಆ್ಯವರೇಜ್ 19 ಅಂತ ಇಟ್ಟುಕೊಳ್ಳಿ. ಕಿಲೋಮೀಟರಿಗೆ 4 ರೂಪಾಯಿ 80 ಪೈಸೆ. ಅಷ್ಟೇ ಹಳೆಯ ಪೆಟ್ರೋಲ್ ಗಾಡಿಗೆ 15 ಅಂತಿಟ್ಟರೆ 6 ರೂಪಾಯಿ 85 ಪೈಸೆ. ವ್ಯತ್ಯಾಸ ಎರಡು ರೂಪಾಯಿ. ತಿಂಗಳಿಗೆ ಐನೂರು ಓಡಿಸುವವನಿಗೆ ಡೀಸೆಲ್ ಉಳಿಸಿಕೊಡುವುದು ವರ್ಷಕ್ಕೆ ಹನ್ನೆರಡು ಸಾವಿರ. ಇಂಜೆಕ್ಟರ್ ಒಂದು ಕೈ ಕೊಟ್ಟರೆ ಆ ಹನ್ನೆರಡು ಸಾವಿರ ಅಲ್ಲಿಗೇ ಸರಿ. ನಾಲ್ಕೂ ಹೊಸದು ಹಾಕಿಸಬೇಕಾಗಿ ಬಂದರೆ, ಮೇಲೆ ಟರ್ಬೊ ಕೆಲಸವೂ ಬಂದರೆ, ಉಳಿಸಿದ್ದರ ನಾಲ್ಕು ಪಟ್ಟಿಗಿಂತ ಹೆಚ್ಚು ಹೊರಗೆ ಹೋಗುತ್ತದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಇವು ಇಲ್ಲ ಅಂತಲ್ಲ. ಇಷ್ಟು ದುಬಾರಿಯಾಗಿಲ್ಲ, ಇಷ್ಟು ನಾಜೂಕೂ ಅಲ್ಲ.

ಆದ್ದರಿಂದ ನಿಮ್ಮಲ್ಲಿ ನಾಲ್ವರಿಗೆ ನನ್ನ ಉತ್ತರ ಬ್ಯಾಡ. ಈ ಗಾಡಿ ಅಷ್ಟೇ ಅಲ್ಲ, ಯಾವ ಹಳೇ ಡೀಸೆಲ್ ಗಾಡಿಯೂ ಬ್ಯಾಡ. ಸಣ್ಣ ಪೆಟ್ರೋಲ್ ಗಾಡಿ ನೋಡಿ, ವ್ಯಾಗನ್ ಆರ್, ಆಲ್ಟೊ, ಯಾವುದಾದರೂ. ಇಲ್ಲವೆ ತಿಂಗಳಿಗೆ ಒಂದು ಸಲ ಬಾಡಿಗೆ ಗಾಡಿ ಮಾಡಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಬಸ್ಸು ಪುಕ್ಕಟೆ ಇದೆ. ಸಂತೆಗೆ ಅವರು ನಿಮ್ಮ ಕಾರಿಗೆ ಕಾಯುವುದಿಲ್ಲ.

ಐದನೆಯವನ ಮಾತು ಬೇರೆ. ಬೀಜ, ಗೊಬ್ಬರದ ಕೆಲಸಕ್ಕೆ ಶಹಾಪುರ, ಸುರಪುರ, ಹುಣಸಗಿ ಅಂತ ದಿನಾ ತಿರುಗುವವನು ನೀನು, ತಮ್ಮಾ. ನೀನೇ ಹೇಳಿದಂತೆ ತಿಂಗಳಿಗೆ 2,500. ನಿನಗೆ ಅದೇ ಎರಡು ರೂಪಾಯಿ ವರ್ಷಕ್ಕೆ ಅರವತ್ತು ಸಾವಿರ ಆಗುತ್ತದೆ. ನಿನ್ನ ಓಡಾಟ ಉದ್ದದ್ದು, ಇಂಜಿನ್ನಿಗೂ ಹಿತ. ಮುಂದಿನದೆಲ್ಲ ಹೆಚ್ಚಾಗಿ ನಿನಗಾಗಿ. ಉಳಿದವರು ಓದಿದರೆ ನಷ್ಟವಿಲ್ಲ.

ಆ ಗಾಡಿಯೊಳಗಿರುವುದು 1248 ಸಿಸಿಯ ಇಂಜಿನ್. ಮೂಲ ಫಿಯೆಟ್ ಕಂಪನಿಯದು. ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೋ, ಮೊದಮೊದಲ ಎರ್ಟಿಗಾ, ಎಲ್ಲದರಲ್ಲೂ ಅದೇ ಹೃದಯ. ಅದಕ್ಕೇ ಯಾದಗಿರಿಯಲ್ಲಿ ಯಾವ ಗ್ಯಾರೇಜಿಗೆ ಹೋದರೂ ಅದನ್ನು ಬಿಚ್ಚಿ ಜೋಡಿಸಿದ ಕೈ ಸಿಗುತ್ತದೆ, ಸಾಮಾನೂ ಸಿಗುತ್ತದೆ. ಹಳೇ ಗಾಡಿ ತಗೊಳ್ಳುವವನಿಗೆ ಇದಕ್ಕಿಂತ ದೊಡ್ಡ ವಿಮೆ ಇಲ್ಲ. ಚೆಂದ ಕಾಣುತ್ತದೆ ಅಂತ ಕಂಪನಿಯೇ ದೇಶ ಬಿಟ್ಟುಹೋದ ಗಾಡಿ ತಂದು, ಒಂದು ಸೆನ್ಸರಿಗಾಗಿ ತಿಂಗಳು ಕಾದವರನ್ನು ಕಂಡಿದ್ದೇನೆ. ಈ ಇಂಜಿನ್ನಿನಲ್ಲಿ ಟೈಮಿಂಗಿಗೆ ಬೆಲ್ಟ್ ಇಲ್ಲ, ಚೈನ್ ಇದೆ. ಬೆಲ್ಟ್ ಇರುವ ಗಾಡಿಯಾದರೆ ಅದನ್ನು ಯಾವಾಗ ಬದಲಿಸಿದರು ಅಂತ ಬಿಲ್ ಕೇಳಬೇಕು. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿದು ಖರ್ಚು ಹಿಡಿಯಬೇಕು, ಯಾಕೆಂದರೆ ಓಡುವಾಗ ಬೆಲ್ಟ್ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಂಜಿನ್ ಹಾಳು. ಚೈನಿಗೆ ಆ ಭಯ ಕಡಿಮೆ. ಆದರೆ ಆಯಿಲ್ ಹೊತ್ತಿಗೆ ಬದಲಿಸದಿದ್ದರೆ ಚೈನ್ ಸಡಿಲಾಗುತ್ತದೆ, ಮುಂಜಾನೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಕಬ್ಬಿಣದ ಬಾಂಡ್ಲಿಯಲ್ಲಿ ಜಲ್ಲಿ ಅಲ್ಲಾಡಿಸಿದ ಸಪ್ಪಳ ಬರುತ್ತದೆ.

ಆ ಸಪ್ಪಳ ಕೇಳಬೇಕೆಂದರೆ ಗಾಡಿ ತಣ್ಣಗಿರಬೇಕು. ಮಾರುವವರು ಇದನ್ನು ಬಲ್ಲರು. ನೀವು ಹೋಗುವ ಹೊತ್ತಿಗೆ "ಈಗಷ್ಟೇ ಡೀಸೆಲ್ ಹಾಕಿಸ್ಕೊಂಡು ಬಂದೆ" ಅನ್ನುತ್ತಾರೆ. ಬಿಸಿ ಇಂಜಿನ್ ಎಂಥದ್ದಾದರೂ ಒಂದೇ ಸೆಲ್ಫ್‌ಗೆ ಏಳುತ್ತದೆ. ಅದಕ್ಕೇ ನಸುಕಿನಲ್ಲಿ ಹೋಗಬೇಕು, ಹೋದವರೇ ಬಾನೆಟ್ಟಿನ ಮೇಲೆ ಅಂಗೈ ಇಡಬೇಕು. ಬೆಚ್ಚಗಿದ್ದರೆ ನಮಸ್ಕಾರ ಹೇಳಿ ಹೊಳ್ಳಿ ಬರಬೇಕು, ಮರುದಿನ ಮತ್ತೆ ಹೋಗಬೇಕು.

ಸ್ಟಾರ್ಟ್ ಆದ ಮೇಲೆ ಒಬ್ಬ ಹಿಂದೆ ನಿಂತು ಹೊಗೆ ನೋಡಲಿ. ಕರಿ ಹೊಗೆ ಅಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ, ರಿಂಗಿಗೋ ಟರ್ಬೊಗೋ ವಯಸ್ಸಾಗಿದೆ. ಬಿಳಿ ಹೊಗೆ ಚಳಿಗೆ ಒಂದು ಗಳಿಗೆ ಬಂದು ಹೋದರೆ ಚಿಂತೆಯಿಲ್ಲ, ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ಮೆಲ್ಲಗೆ ಬಿಚ್ಚಿ ಬಾಯಿಯ ಮೇಲೆ ಇಡಿ. ಮುಚ್ಚಳ ಸ್ವಲ್ಪ ಅಲ್ಲಾಡಿದರೆ ಸಹಜ. ಹೋಟೆಲಿನ ಇಡ್ಲಿ ಪಾತ್ರೆಯ ಹಾಗೆ ಹಬೆ ಬುಸುಬುಸು ಹೊಡೆದು ಮುಚ್ಚಳ ಕುಣಿದರೆ, ಗ್ಯಾರೇಜಿನವರು "ಬ್ಯಾಕ್ ಕಂಪ್ರೆಷನ್" ಅನ್ನುವ ರೋಗ ಅದು. ಅಲ್ಲಿಗೆ ಮಾತು ಮುಗಿಯಿತು, ಚಹಾ ಕುಡಿದು ಬನ್ನಿ. ಮುಚ್ಚಳದ ಒಳಗೆ ಕೆನೆ ಕಟ್ಟಿದ ಹಾಗೆ ಬಿಳಿ ಲೋಳೆ ಇದ್ದರೆ ಆಯಿಲ್ಲಿಗೆ ನೀರು ಸೇರಿರುವ ಅನುಮಾನ, ಅದೂ ಬ್ಯಾಡ. ಡೀಸೆಲ್ ಇಂಜಿನ್ನಿನ ಆಯಿಲ್ ಕಪ್ಪಗಿದೆ ಅಂತ ಮಾತ್ರ ಬೇಡ ಅನ್ನಬೇಡಿ, ಅದು ಬದಲಿಸಿದ ವಾರದಲ್ಲೇ ಕಪ್ಪಾಗುತ್ತದೆ. ಅಚ್ಚ ಹೊಸ ಹೊನ್ನಿನ ಬಣ್ಣದ ಆಯಿಲ್ ಕಂಡರೆ ನನಗೆ ಅನುಮಾನವೇ ಜಾಸ್ತಿ: ನಿನ್ನೆ ರಾತ್ರಿ ಯಾಕೆ ಬದಲಿಸಿದ?

ನಸುಕಿನ ಪರೀಕ್ಷೆ ಒಂದೇ ಸಾಲದು. ನಮ್ಮದು ಬಿಸಿಲ ನಾಡು. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯಲ್ಲಿ ಏಸಿ ಹಾಕಿಕೊಂಡು ಐದು ಮಂದಿ ಕೂತು ಓಡುವ ಗಾಡಿ ಬೇಕು. ಹಾಗಾಗಿ ಅದೇ ದಿನ ಮಧ್ಯಾಹ್ನ ಎರಡಕ್ಕೆ ಮತ್ತೆ ಹೋಗಿ, ಏಸಿ ಪೂರ್ತಿ ಇಟ್ಟು ಅರ್ಧ ಗಂಟೆ ಓಡಿಸಿ, ನಿಲ್ಲಿಸಿದ ಮೇಲೂ ಹತ್ತು ನಿಮಿಷ ಇಂಜಿನ್ ಚಾಲೂ ಇಡಿ. ಟೆಂಪರೇಚರ್ ಮುಳ್ಳು ನಡುವಿನಿಂದ ಮೇಲೇರಿದರೆ ರೇಡಿಯೇಟರ್, ಫ್ಯಾನ್, ಹೆಡ್ ಗ್ಯಾಸ್ಕೆಟ್ ಯಾವುದೋ ಒಂದು ಸುಳ್ಳು ಹೇಳುತ್ತಿದೆ. ಓಡಿಸುವಾಗ ನಾಲ್ಕನೇ ಗೇರಿನಲ್ಲಿ ಆ್ಯಕ್ಸಿಲರೇಟರ್ ಒತ್ತಿ: ಇಂಜಿನ್ ಕೂಗಿ ಗಾಡಿ ಮಾತ್ರ ನಿಂತಲ್ಲೇ ನಿಂತಂತಾದರೆ ಕ್ಲಚ್ ಪ್ಲೇಟ್ ಸವೆದಿದೆ. ಇದಕ್ಕೆ ಗಾಡಿ ಬಿಡಬೇಕಿಲ್ಲ, ಬೆಲೆ ಇಳಿಸಬೇಕು. ಸಸ್ಪೆನ್ಷನ್ ಕೂಡ ಹಾಗೇ. ನಮ್ಮ ರಸ್ತೆಗಳಲ್ಲಿ ಎರಡು ಲಕ್ಷ ಓಡಿಯೂ ಶಾಕ್ ಅಬ್ಸಾರ್ಬರ್ ಗಟ್ಟಿಯಿದ್ದರೆ ಅದು ಪವಾಡ. ನಾನು ಪವಾಡ ನಂಬುವವನಲ್ಲ, ಯಾವಾಗ ಬದಲಿಸಿದಿರಿ ಅಂತ ಕೇಳುವವನು.

ಮೀಟರಿನ ಸತ್ಯಕ್ಕೆ ಸಾಕ್ಷಿಗಳು ಗಾಡಿಯೊಳಗೇ ಕೂತಿರುತ್ತವೆ. ಕ್ಲಚ್, ಬ್ರೇಕ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ? ಸ್ಟೇರಿಂಗ್, ಗೇರ್ ಗುಂಡಿ ಎಷ್ಟು ನುಣುಪಾಗಿದೆ? ಟೈರಿನ ಬದಿಗೆ ನಾಲ್ಕು ಅಂಕಿ ಇರುತ್ತದೆ. 3219 ಅಂತಿದ್ದರೆ 2019ರ 32ನೇ ವಾರದಲ್ಲಿ ತಯಾರಾದ ಟೈರ್. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಅಲ್ಲಿ ಒಣಗಿದ ರಾಡಿಯ ಗೆರೆ ಇದ್ದರೆ ಆ ಗಾಡಿ ಒಮ್ಮೆ ನೀರಲ್ಲಿ ಮುಳುಗಿದೆ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ತೇಲಿದ ಕಾರುಗಳನ್ನು ಟೀವಿಯಲ್ಲಿ ನೋಡಿದಿರಲ್ಲ, ಅವೆಲ್ಲ ಗುಜರಿಗೆ ಹೋಗಿವೆ ಅಂದುಕೊಂಡಿದ್ದೀರಾ? ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಂದರೆ ಕಂಪನಿ ಸರ್ವಿಸ್ ಸೆಂಟರಿನ ದಾಖಲೆ. ಮಾಲೀಕನನ್ನೇ ಜೊತೆಗೆ ಕರೆದುಕೊಂಡು ಹೋಗಿ ನಂಬರ್ ಹೇಳಿದರೆ, ಯಾವ ತಾರೀಖಿಗೆ ಎಷ್ಟು ಕಿಲೋಮೀಟರಿಗೆ ಏನೇನು ಕೆಲಸ ಆಯಿತು ಅಂತ ಕಂಪ್ಯೂಟರ್ ಹೇಳುತ್ತದೆ. ಜೊತೆಗೆ ಬರಲು ಮಾಲೀಕ ಹಿಂದೆ ಮುಂದೆ ನೋಡಿದರೆ ಅದೇ ಉತ್ತರ.

ಟ್ಯಾಕ್ಸಿಯಾಗಿ ಓಡಿದ್ದನ್ನು ಬೋರ್ಡ್ ಬದಲಿಸಿ ತಂದ ಗಾಡಿಯಾ ಅಂತ ನಿಮ್ಮಲ್ಲೊಬ್ಬ ಕೇಳಿದ್ದ. ಡಿಜೈರಿನಲ್ಲಿ ಟ್ಯಾಕ್ಸಿಗೆಂದೇ "ಟೂರ್" ಅಂತ ಬೇರೆ ಹೆಸರಿನ ಮಾಡೆಲ್ ಇತ್ತು. ಆರ್‌ಸಿಯಲ್ಲಿ ಆ ಹೆಸರು ಬಂದರೆ ತಿಳಿಯಿತಲ್ಲ. ಆದರೆ ನನಗೆ ಟ್ಯಾಕ್ಸಿಯ ಮೇಲೆ ನೀವು ಪಡುವಷ್ಟು ಅಸಹ್ಯ ಇಲ್ಲ. ಅನ್ನ ಕೊಡುವ ಗಾಡಿಗೆ ಡ್ರೈವರ್ ಹೊತ್ತಿಗೆ ಸರಿಯಾಗಿ ಆಯಿಲ್ ಹಾಕಿಸುತ್ತಾನೆ. ಕುಡಿದು ಓಡಿಸುವ ಮಾಲೀಕನ ಮಗ ಹಾಕಿಸುವುದಿಲ್ಲ.

ಇನ್ನು ಕಾಗದ. ಇದನ್ನು ಬೇಗ ಮುಗಿಸುತ್ತೇನೆ, ನೀವು ಆಗಲೇ ಆಕಳಿಸುತ್ತಿರಬೇಕು. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹೊಡೆದು ಮಾಲೀಕರು ಎಷ್ಟನೆಯವರು, ವಿಮೆ ಎಲ್ಲಿಯವರೆಗೆ, ಸಾಲ ಬಾಕಿ ಇದೆಯಾ ನೋಡಿ. ಆರ್‌ಸಿ ಮೇಲೆ ಬ್ಯಾಂಕಿನ ಹೆಸರಿದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೈಗೆ ಬರುವವರೆಗೆ ಮುಂಗಡವನ್ನೂ ಕೊಡಬೇಡಿ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷ. 2013ರ ಗಾಡಿಯದು 2028ಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ಪಾಸ್ ಆದರೆ ಐದು ವರ್ಷಕ್ಕೆ ಮತ್ತೆ ಸಿಗುತ್ತದೆ. 2022ರ ಏಪ್ರಿಲ್‌ನಿಂದ ಆ ಶುಲ್ಕ 600ರಿಂದ 5,000 ಆಗಿದೆ, ಅದರ ಮೇಲೆ ಹಸಿರು ತೆರಿಗೆ. ಮಾರುವವನ ಹತ್ತಿರ ಕೇಳುವಾಗ ಈ ಉಳಿದ ವರ್ಷಗಳನ್ನು ಎಣಿಸಿ ಚೌಕಾಸಿ ಮಾಡಿ.

ದಿಲ್ಲಿ ಗಾಡಿ ಅಗ್ಗ ಅಂತ ಯಾರೋ ಹೇಳಿದರಂತೆ. ಅಗ್ಗ ಹೌದು. ದಿಲ್ಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರ ಆಗಸ್ಟಿನಲ್ಲಿ ಬರೀ ವಯಸ್ಸು ನೋಡಿ ಮಾಲೀಕರ ಮೇಲೆ ಕ್ರಮ ಬೇಡ ಅಂತ ಅದೇ ಕೋರ್ಟ್ ತಡೆದದ್ದೂ ಇದೆ. ಅಷ್ಟರೊಳಗೆ ಅಲ್ಲಿನ ಗಾಡಿಗಳು ಲಾರಿ ಹತ್ತಿ ದೇಶದ ಮೂಲೆ ಮೂಲೆಗೆ ಇಳಿದವು. ಆದರೆ ಅಲ್ಲಿಂದಾಗಲಿ, ಹೈದರಾಬಾದಿನಿಂದಾಗಲಿ ತಂದರೆ ಆ ಊರಿನ ಆರ್‌ಟಿಒ ಎನ್‌ಒಸಿ ಬೇಕು, ಇಲ್ಲಿ ಮತ್ತೆ ನೋಂದಣಿ ಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಾವಧಿ ತೆರಿಗೆ ಬೇಕು. ಮೇಲೆ ದಲ್ಲಾಳಿ, ಓಡಾಟ, ಲಾರಿ ಬಾಡಿಗೆ. ಅಗ್ಗ ಅಂದದ್ದು ಯಾದಗಿರಿ ಮುಟ್ಟುವ ಹೊತ್ತಿಗೆ ಅಗ್ಗವಾಗಿ ಉಳಿದಿರುವುದಿಲ್ಲ. ಬಾರ್ಡರ್ ಹತ್ತಿರ ಇದ್ದೇವಲ್ಲ, ಹಾಗೇ ಓಡಿಸಿದರಾಯಿತು ಅನ್ನಬೇಡಿ. ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳು ದಾಟಿದರೆ ಇಲ್ಲಿನ ನಂಬರ್ ತಗೊಳ್ಳಲೇಬೇಕು ಅನ್ನುತ್ತದೆ ಮೋಟಾರು ವಾಹನ ಕಾಯ್ದೆ.

ಈಗ ನನಗೆ ನಿಜವಾಗಿ ನಿದ್ದೆ ಕೆಡಿಸಿದ ಮಾತು. "ಐವರೂ ಕೂಡಿ ತಗೋತೀವಿ, ಆರ್‌ಸಿ ಹೆಸರು ಬದಲಿ ಆಮ್ಯಾಲ ನೋಡೂಣು, ನಡುವ ಬೆಂಗಳೂರು ಬಾಡಗಿ ಹೊಡದ್ರ ಕಂತು ತಾನೇ ತೀರ್ತದ" ಅಂದಿರಿ. ಒಂದೇ ಉಸಿರಿನಲ್ಲಿ ಮೂರು ತಪ್ಪು.

ಹೆಸರು ಬದಲಿಸದೆ ಕೈ ಬದಲಾದ ಗಾಡಿಯ ಕಥೆಯೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ 2018ರ ಫೆಬ್ರುವರಿಯಲ್ಲಿ ತೀರ್ಪಾಯಿತು. ಕಾರು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತ ಹೋಗಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲನೆಯವನ ಹೆಸರೇ ಇತ್ತು. ಅಪಘಾತವಾಯಿತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರ ಅವನದೇ ಹೊಣೆ ಅಂತ ಕೋರ್ಟ್ ಹೇಳಿತು. ಮಾರುವವನು ಇದನ್ನು ಓದಿದ್ದರೆ ನಿಮಗಿಂತ ಮೊದಲು ಅವನೇ ಫಾರಂ 29, 30 ಹಿಡಿದು ಓಡುತ್ತಾನೆ. ನೀವೂ ಓಡಿ. ವಿಮೆಯೂ ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಆಗಬೇಕು, ಇಲ್ಲವಾದರೆ ನಿಮ್ಮ ಗಾಡಿಯ ನಷ್ಟಕ್ಕೆ ಕಂಪನಿ ಕೈ ಎತ್ತುತ್ತದೆ. ಅವನ ನೋ ಕ್ಲೇಮ್ ಬೋನಸ್ ಅವನ ಜೊತೆ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ. "ಬೋನಸ್ ಐತ್ರಿ" ಅಂತ ಬೆಲೆ ಏರಿಸಿದರೆ ನಕ್ಕುಬಿಡಿ.

ವೈಟ್ ಬೋರ್ಡಿನಲ್ಲಿ ಬಾಡಿಗೆ ಹೊಡೆಯುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಗುಳೆ ಹೋಗುವ ಮಂದಿ, ಹಬ್ಬಕ್ಕೆ ಬೆಂಗಳೂರಿನಿಂದ ಬರುವ ಮಂದಿ, ಗಾಡಿ ತುಂಬಿಕೊಂಡು ರಾತ್ರಿಯೆಲ್ಲ ಓಡುತ್ತಾರೆ. ಪರ್ಮಿಟ್ ಇಲ್ಲದೆ ಸಿಕ್ಕಿಬಿದ್ದರೆ 10,000 ದಂಡ. ಅದನ್ನು ನಾನು ಹೆದರಿಕೆಗೆ ಹೇಳುತ್ತಿಲ್ಲ, ದಂಡ ಕಟ್ಟಿ ಮರೆಯಬಹುದು. ನಾನು ಹೆದರುವುದು ನಸುಕಿನ ಮೂರಕ್ಕೆ, ನಿದ್ದೆಗಣ್ಣಿಗೆ, ಹಿಂದಿನ ಸೀಟಿನಲ್ಲಿ ಮಗು ಎತ್ತಿಕೊಂಡು ಮಲಗಿದವರಿಗೆ. ಖಾಸಗಿ ಗಾಡಿಯ ವಿಮೆ ಬಾಡಿಗೆಯ ಮಂದಿಗೆ ಅಲ್ಲ ಅಂತ ಕಂಪನಿ ತಕರಾರು ತೆಗೆದರೆ ಪರಿಹಾರ ಕಟ್ಟುವವನು ಆರ್‌ಸಿಯಲ್ಲಿ ಹೆಸರಿದ್ದವನು. ಐವರಲ್ಲಿ ಅವನು ಯಾರು? ಅವನ ಮನೆಯ ಎರಡು ಎಕರೆ ಯಾರ ಹೆಸರಲ್ಲಿದೆ? ಉಳಿದ ನಾಲ್ವರು ಅವತ್ತು ಫೋನ್ ಎತ್ತುತ್ತೀರಾ? ನಿಮ್ಮ ಗೆಳೆತನದ ಮೇಲೆ ಅನುಮಾನವಿಲ್ಲ. ಆದರೆ ಒಂದೇ ಗಾಡಿಗೆ ಐದು ಮಾಲೀಕರಿದ್ದರೆ ಆಯಿಲ್ ಬದಲಿಸುವ ದಿನ ಒಬ್ಬನೂ ಇರುವುದಿಲ್ಲ. ಇದನ್ನು ನಾವು ಮೂವರು ಸೇರಿ ಕ್ರೂಸರ್ ತಗೊಂಡಾಗ ಕಲಿತೆ. ಆ ಮೂವರಲ್ಲಿ ಇಬ್ಬರು ಈಗಲೂ ಮಾತಾಡುವುದಿಲ್ಲ.

ಆದ್ದರಿಂದ ಗಾಡಿ ತಗೊಳ್ಳುವುದಾದರೆ ಬೀಜ, ಗೊಬ್ಬರದವನು ಒಬ್ಬನೇ ತಗೊಳ್ಳಲಿ, ತನ್ನ ಹೆಸರಿಗೆ, ತನ್ನ ಕೆಲಸಕ್ಕೆ. ಮೂರು ಲಕ್ಷ ಹದಿನೈದು ಕೊಡಬಾರದು. ಟೈರ್, ಕ್ಲಚ್, ಆರ್‌ಸಿಯ ಉಳಿದ ವರ್ಷ ತೋರಿಸಿ ಎರಡು ಲಕ್ಷ ಎಂಬತ್ತರಿಂದ ಮಾತು ಶುರು ಮಾಡಬೇಕು. ಎಷ್ಟಕ್ಕೇ ಇಳಿದರೂ, ಗಾಡಿಯ ಬೆಲೆ ಬಿಟ್ಟು ಅರವತ್ತು ಸಾವಿರ ಬ್ಯಾಂಕಿನಲ್ಲಿ ಬೇರೆ ಇಡಬೇಕು. ಅದು ಮೊದಲ ವರ್ಷಕ್ಕೆ ಗಾಡಿ ಕೇಳುವ ಬಾಕಿ: ಎಲ್ಲ ಫಿಲ್ಟರ್, ಆಯಿಲ್, ಕೂಲಂಟ್, ಬ್ರೇಕ್, ಬ್ಯಾಟರಿ, ಒಂದೆರಡು ಇಂಜೆಕ್ಟರಿನ ಕೆಲಸ. ಆ ಅರವತ್ತು ಇಲ್ಲದಿದ್ದರೆ ಗಾಡಿ ತಗೊಳ್ಳುವ ರೊಕ್ಕವೂ ಇಲ್ಲ ಅಂತಲೇ ಲೆಕ್ಕ. ತಂದ ಮೇಲೆ ಕಂಪನಿ ಹತ್ತು ಸಾವಿರಕ್ಕೆ ಆಯಿಲ್ ಬದಲಿಸು ಅಂದರೂ ನಮ್ಮ ಧೂಳಿಗೆ ಏಳೂವರೆ ಸಾವಿರಕ್ಕೇ ಬದಲಿಸು. ನಂಬಿದ ಬಂಕಿನಲ್ಲಿ ಮಾತ್ರ ಡೀಸೆಲ್ ಹಾಕಿಸು, ಡೀಸೆಲ್ ಫಿಲ್ಟರಿಗೆ ಚೌಕಾಸಿ ಮಾಡಬೇಡ. ಉದ್ದ ಓಡಿಸಿ ಬಂದು ನಿಲ್ಲಿಸಿದಾಗ ಒಂದು ನಿಮಿಷ ಇಂಜಿನ್ ಹಾಗೇ ಬಿಟ್ಟು ಟರ್ಬೊಗೆ ಉಸಿರಾಡಲು ಕೊಡು.

ಮಾಲೀಕರಿಗೆ ಫೋನ್ ಮಾಡಿ ಹೇಳಿಡಿ: ಬರುವ ಭಾನುವಾರ ಮುಂಜಾನೆ ಆರಕ್ಕೆ ಬರುತ್ತೇವೆ, ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ. ಐವರೂ ಬರಬೇಡಿ, ಇಬ್ಬರು ಸಾಕು; ಮಂದಿ ಹೆಚ್ಚಾದರೆ ಮಾರುವವನಿಗೆ ಹುರುಪು ಬರುತ್ತದೆ. ನನ್ನನ್ನು ಐದೂವರೆಗೆ ಮನೆ ಹತ್ತಿರ ಹತ್ತಿಸಿಕೊಳ್ಳಿ. ಟಾರ್ಚ್ ನಾನು ತರುತ್ತೇನೆ, ಕೈ ಒರೆಸೋಕೆ ಒಂದು ಹಳೇ ಬಟ್ಟೆ ನೀವು ತನ್ನಿ. ಹೈದರಾಬಾದಿನ ದಲ್ಲಾಳಿಗೆ ಏನು ಹೇಳೋಣ ಅಂತ ಕೇಳಿದಿರಲ್ಲ? ಆ ಎಪಿ 09ಕ್ಕೆ ಮೊದಲು ಆರ್‌ಸಿಯ ಫೋಟೋ ಕಳಿಸು ಅನ್ನಿ. ಅವನು ಕಳಿಸುವುದಿಲ್ಲ.

ನಿಮ್ಮ ಕಾಕಾ,
ರಾಮಸಮುದ್ರ